ಮೊದಲು ಕನ್ನಡದ ಅಕ್ಷರ ಆರಿಸಮ್ಮ

ನೋಡಮ್ಮ, ಸನ್ನದು ಕೈಗೆ ಬಂತು, ಹುಟ್ಟಿ ಬೆಳೆದ ಚಾಮರಾಜಪೇಟೆಯಲ್ಲೇ ಕಚೇರಿ ತೆರೆಯುತ್ತಿದ್ದೀಯ. ಬಹಳ ಸಂತೋಷ. ವೆಬ್‌ಸೈಟಿಗೆ ಯಾವ ಬಣ್ಣ ಇಡಲಿ, ಯಾವ ಅಕ್ಷರ ಇಡಲಿ ಅಂತ ಕೇಳಿದೆಯಲ್ಲ, ನನಗೆ ತಿಳಿದಷ್ಟು ಹೇಳುತ್ತೇನೆ. ಕಾನೂನು ನನ್ನ ಕಸುಬಲ್ಲ. ಆದರೆ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ಮೊಳೆಯ ಕಾಲ ಮುಗಿದ ಮೇಲೆ ಡಿ.ಟಿ.ಪಿ. ಕಲಿತು, ಅಕ್ಷರದ ಅನ್ನ ಉಂಡವನು ನಾನು. ಅಕ್ಷರ ಹೇಗಿದ್ದರೆ ಓದುವವರ ಕಣ್ಣು ನಿಲ್ಲುತ್ತದೆ, ಹೇಗಿದ್ದರೆ ಜಾರುತ್ತದೆ ಅನ್ನುವುದು ಗೊತ್ತು.

ಮೊದಲು ನಿನ್ನ ವೃತ್ತಿ ಏನು ಹೇಳುತ್ತದೆ ಕೇಳು. ಬಾರ್ ಕೌನ್ಸಿಲ್ ಆಫ್ ಇಂಡಿಯಾದ 36ನೇ ನಿಯಮ ನನಗಿಂತ ನಿನಗೇ ಚೆನ್ನಾಗಿ ಗೊತ್ತಿರಬೇಕು. ವಕೀಲರು ಜಾಹೀರಾತು ಕೊಡಬಾರದು, ಹೆಸರಿನ ಫಲಕವೂ ಮಿತವಾದ ಅಳತೆಯಲ್ಲಿರಬೇಕು ಅನ್ನುತ್ತದೆ ಅದು. 2008ರಲ್ಲಿ ಆ ನಿಯಮ ಸಡಿಲಿಸಿ ವೆಬ್‌ಸೈಟಿಗೆ ಒಪ್ಪಿಗೆ ಕೊಟ್ಟರು, ಅದೂ ಐದೇ ಬಾಬ್ತಿಗೆ: ಹೆಸರು; ವಿಳಾಸ, ಫೋನು, ಇ-ಮೇಲ್; ನೋಂದಣಿಯ ವಿವರ; ವಿದ್ಯಾರ್ಹತೆ; ಯಾವ ಬಗೆಯ ಪ್ರಕರಣಗಳನ್ನು ನಡೆಸುತ್ತೀಯ ಅನ್ನುವುದು. ಗೆದ್ದ ಕೇಸುಗಳ ಪಟ್ಟಿಗೆ, ಕಕ್ಷಿದಾರರ ಹೊಗಳಿಕೆಗೆ ಅಲ್ಲಿ ಜಾಗವಿಲ್ಲ. ಫೋಟೋ ಕೂಡ ಆ ಪಟ್ಟಿಯಲ್ಲಿಲ್ಲ. ಕೋರ್ಟಿನ ಹೊರಗೆ ಗೌನು, ಬ್ಯಾಂಡು ತೊಡಬಾರದು ಅಂತಲೂ ನಿಯಮವಿದೆ. ಹಾಗಾಗಿ ಕರಿ ಕೋಟಿನ ಭಂಗಿಚಿತ್ರದ ಯೋಚನೆಯನ್ನು ಬಿಟ್ಟುಬಿಡು.

ಇದನ್ನು ಕಟ್ಟುಪಾಡು ಅಂದುಕೊಂಡು ಬೇಸರಪಡಬೇಡ. ಹೇಳಬೇಕಾದ್ದು ಇಷ್ಟೇ ಅಂತ ಗೊತ್ತಾದಾಗ ಅದನ್ನು ಚೆನ್ನಾಗಿ ಹೇಳುವುದಕ್ಕೆ ಮನಸ್ಸು ಕೊಡಬಹುದು. ಚಿತ್ರವಿಲ್ಲ, ಬಡಾಯಿ ಇಲ್ಲ ಅಂದಮೇಲೆ ನಿನ್ನ ಪುಟಕ್ಕೆ ಅಕ್ಷರವೇ ಮುಖ. ಅದಕ್ಕೇ ಹೇಳುವುದು, ಬಣ್ಣಕ್ಕಿಂತ ಮೊದಲು ಅಕ್ಷರ ಆರಿಸು. ಅದರಲ್ಲೂ ಮೊದಲು ಕನ್ನಡದ್ದು, ಆಮೇಲೆ ಇಂಗ್ಲಿಷಿನದು.

ಈಗಿನ ಡಿಸೈನರ್ ಹುಡುಗರು ಮಾಡುವುದು ಇದರ ತಿರುಗುಮುರುಗು. ಇಂಗ್ಲಿಷಿನಲ್ಲಿ ಇಡೀ ಪುಟ ಕಟ್ಟಿ, ಕೊನೆಗೆ ಕನ್ನಡವನ್ನು ಅದೇ ಅಳತೆಯೊಳಗೆ ತುರುಕುತ್ತಾರೆ. ಇಂಗ್ಲಿಷಿನ ಅಕ್ಷರ ಒಂದರ ಪಕ್ಕ ಒಂದು ಕೂರುತ್ತದೆ. ನಮ್ಮದು ಮೇಲೆ ಗುಡಿಸು ಏರಿಸಿಕೊಂಡು ಕೆಳಗೆ ಒತ್ತು ಇಳಿಬಿಡುತ್ತದೆ. ಸಾಲುಗಳ ನಡುವೆ ಜಾಗ ಸಾಲದಿದ್ದರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಅಚ್ಚುಕೂಟದಲ್ಲಿ ಸಾಲುಗಳ ನಡುವೆ ಸೀಸದ ಪಟ್ಟಿ ಇಟ್ಟು ಬಿಡುವು ಮಾಡುತ್ತಿದ್ದೆವು. ಈಗ ಅದೇ ಕೆಲಸವನ್ನು ಒಂದು ಅಂಕಿ ಮಾಡುತ್ತದೆ. ಇಂಗ್ಲಿಷಿಗೆ ಅಕ್ಷರದ ಅಳತೆಯ ಒಂದೂವರೆ ಪಟ್ಟು ಸಾಲಿನ ಎತ್ತರ ಸಾಕಾದರೆ ಕನ್ನಡಕ್ಕೆ 1.7 ಪಟ್ಟು ಇಡು. ಮೊಬೈಲಿನಲ್ಲಿ ಕನ್ನಡದ ಅಕ್ಷರ 18 ಪಿಕ್ಸೆಲ್‌ಗಿಂತ ಚಿಕ್ಕದಾಗುವುದು ಬೇಡ.

ಫಾಂಟು ಆರಿಸುವಾಗ ಅದರ ಚಂದಕ್ಕೆ ಮರುಳಾಗಬೇಡ, ನಿನ್ನ ಕಸುಬಿನ ಪದಗಳನ್ನೇ ಅದರಲ್ಲಿ ಬರೆದು ನೋಡು. ಕ್ರಯಪತ್ರ, ಉತ್ತರಾಧಿಕಾರ, ಸ್ತ್ರೀಧನ, ಸ್ವಾಧೀನ, ತಡೆಯಾಜ್ಞೆ, ಮಧ್ಯಂತರ ಅರ್ಜಿ. ‘ಸ್ತ್ರೀ’ಯಲ್ಲಿ ಎರಡು ಒತ್ತು ಬಿಡಿಬಿಡಿಯಾಗಿ ಕಾಣಬೇಕು, ‘ಅರ್ಜಿ’ಯ ಅರ್ಕಾವೊತ್ತು ಪಕ್ಕದ ಅಕ್ಷರಕ್ಕೆ ಅಂಟಬಾರದು. ನೋಟೋ ಸೆರಿಫ್ ಕನ್ನಡ, ನೋಟೋ ಸಾನ್ಸ್ ಕನ್ನಡ, ತಿರೋ ಕನ್ನಡ ಎಲ್ಲವೂ ಪುಕ್ಕಟೆ ಸಿಗುತ್ತವೆ. ಏಕ್ ಟೈಪ್‌ನವರ ‘ಅನೇಕ್’ನಲ್ಲಿ ಕನ್ನಡಕ್ಕೂ ಇಂಗ್ಲಿಷಿಗೂ ಒಂದೇ ಕುಟುಂಬದ ಅಕ್ಷರಗಳಿವೆ, ಎರಡೂ ಭಾಷೆ ಅಕ್ಕಪಕ್ಕ ಬಂದಾಗ ಹೊಂದಿಕೊಳ್ಳುತ್ತವೆ. ಇವುಗಳಲ್ಲಿ ಒಂದನ್ನು ಹಿಡಿ, ಹೆಚ್ಚೆಂದರೆ ತಲೆಬರಹಕ್ಕೆ ಇನ್ನೊಂದು. ಕನ್ನಡವನ್ನು ಓರೆ ಮಾಡಬೇಡ, ಅಕ್ಷರಗಳ ನಡುವೆ ಅಂತರ ಎಳೆಯಬೇಡ. ತೀರಾ ದಪ್ಪ ಮಾಡಿದರೆ ‘ಥ’ದ ಒಳಗಿನ ಚುಕ್ಕೆಯೇ ಮುಚ್ಚಿಹೋಗುತ್ತದೆ. ನಮ್ಮ ಪದಗಳು ಉದ್ದ, ಆದ್ದರಿಂದ ಮೊಬೈಲಿನಲ್ಲಿ ಎರಡೂ ಅಂಚು ಸಮ ಮಾಡಿದರೆ ನಡುವೆ ಬಿಳಿ ಹೊಂಡ ಬೀಳುತ್ತದೆ. ಎಡಗಡೆಗೆ ಸಾಲು ಹಿಡಿದು, ಬಲಗಡೆ ಹೇಗಿದೆಯೋ ಹಾಗೆ ಬಿಡು.

ಇನ್ನೊಂದು ಎಚ್ಚರ. ನಮ್ಮ ಪೇಟೆಯದೇ ಸಂಸ್ಥೆಯಾದ ಕನ್ನಡ ಗಣಕ ಪರಿಷತ್ತು ‘ನುಡಿ’ ತಂತ್ರಾಂಶ ಕೊಟ್ಟು ಸರ್ಕಾರಿ ಕಚೇರಿಗಳಲ್ಲಿ ಕನ್ನಡ ಓಡುವಂತೆ ಮಾಡಿತು. ಆ ಉಪಕಾರ ದೊಡ್ಡದು. ಆದರೆ ಕೋರ್ಟಿನ ಸುತ್ತಲಿನ ಟೈಪಿಂಗ್ ಅಂಗಡಿಗಳಲ್ಲಿ ಇನ್ನೂ ಹಳೆಯ, ಯೂನಿಕೋಡ್ ಅಲ್ಲದ ಫಾಂಟುಗಳಲ್ಲಿ ಹೊಡೆಯುವವರಿದ್ದಾರೆ. ಅದನ್ನು ಹಾಗೇ ಎತ್ತಿ ವೆಬ್‌ಸೈಟಿಗೆ ಹಾಕಿದರೆ, ಆ ಫಾಂಟು ಇಲ್ಲದ ಫೋನಿನಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ, ಗೂಗಲ್ಲಿನಲ್ಲಿ ಹುಡುಕಿದರೆ ನಿನ್ನ ಪುಟ ಸಿಗುವುದೂ ಇಲ್ಲ. ಯೂನಿಕೋಡಿಗೆ ಪರಿವರ್ತಿಸಿಯೇ ಹಾಕಬೇಕು, ಪರಿವರ್ತಿಸಿದ ಮೇಲೆ ಒಂದು ಸಲ ಪ್ರೂಫ್ ನೋಡಲೇಬೇಕು.

ಈಗ ಬಣ್ಣ. ಕನ್ನಡದ ಹುಡುಗಿ, ಅರಿಶಿನ ಕುಂಕುಮ ಇಡಬೇಕು ಅಂತ ನಿನಗೆ ಆಸೆ. ಮ. ರಾಮಮೂರ್ತಿಯವರು ಕೊಟ್ಟ ಬಾವುಟದ ಬಣ್ಣ, ಯಾರಿಗೆ ಬೇಡ? ಆದರೆ ದೂರದಿಂದ ಕಾಣುವ ಬಾವುಟಕ್ಕೆ ಒಪ್ಪಿದ್ದು ಹತ್ತಿರ ಹಿಡಿದು ಓದುವ ಸಣ್ಣ ಅಕ್ಷರಕ್ಕೆ ಒಪ್ಪುವುದಿಲ್ಲ. ವೆಬ್ಬಿನ ಮಾನದಂಡ ರೂಪಿಸುವವರು ಒಂದು ಲೆಕ್ಕ ಇಟ್ಟಿದ್ದಾರೆ. ಸಾಮಾನ್ಯ ಅಳತೆಯ ಅಕ್ಷರಕ್ಕೂ ಅದರ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರಷ್ಟು ವ್ಯತ್ಯಾಸವಿರಬೇಕು. ಅಪ್ಪಟ ಹಳದಿಯ ಮೇಲೆ ಅಪ್ಪಟ ಕೆಂಪು ಇಟ್ಟರೆ ಅದು 3.7 ಮಾತ್ರ. ಬಿಳಿಯ ಮೇಲೆ ಅಪ್ಪಟ ಕೆಂಪೂ 4 ದಾಟುವುದಿಲ್ಲ. ಈಚೆಗೆ ಎಲ್ಲರೂ ಮೆಚ್ಚುವ ತೆಳು ಬೂದು, ಅಂದರೆ #999999, ಬಿಳಿಯ ಮೇಲೆ 2.8ರ ಹತ್ತಿರ ನಿಲ್ಲುತ್ತದೆ. ಅದಕ್ಕೇ ಕೆಂಪನ್ನು ಗಾಢ ಮಾಡು: #992222 ಇಟ್ಟರೆ ವ್ಯತ್ಯಾಸ 8 ಆಗುತ್ತದೆ, ಕುಂಕುಮದ ಕಳೆಯೂ ಉಳಿಯುತ್ತದೆ. ಓದುವ ಅಕ್ಷರಕ್ಕೆ #222222 ಕಪ್ಪು, ಹಿನ್ನೆಲೆಗೆ ಬಿಳಿ. ಕರಿ, ಬಿಳಿ ನಿನ್ನ ವೃತ್ತಿಯ ಉಡುಪಿನ ಬಣ್ಣವೂ ಹೌದು. ಕುಂಕುಮ ಕೆಂಪು ಎರಡೇ ಕಡೆ ಬರಲಿ, ನಿನ್ನ ಹೆಸರಿಗೆ ಮತ್ತು ಒತ್ತಬೇಕಾದ ಕೊಂಡಿಗೆ. ಮೂರು ಬಣ್ಣ ಸಾಕು.

ಸಾಕೇ ಅನ್ನುವ ಅನುಮಾನ ಬಂದರೆ ಮೈಸೂರು ರಸ್ತೆಯ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರ್ ನೋಡು. 1916ರಲ್ಲಿ ಶುರುವಾದ ಅಚ್ಚುಕೂಟ ಅದು. ದಪ್ಪ ಅಂಕಿ, ರಜೆಗೆ ಕೆಂಪು, ದೇವರ ಚಿತ್ರವಿಲ್ಲ, ಸಿನಿಮಾ ತಾರೆಯರ ಚಿತ್ರವಿಲ್ಲ. ಹಜಾರದ ಆ ತುದಿಯಿಂದ ಅಜ್ಜಿ ತಾರೀಕು ಓದುತ್ತಾರೆ. ವರ್ಷ ಬದಲಾದರೂ ಅದರ ರೂಪ ಬದಲಾಗುವುದಿಲ್ಲ, ಹೊಸದನ್ನು ತಂದು ಮೊಳೆಗೆ ತಗುಲಿಹಾಕಿದರೆ ಕಣ್ಣಿಗೆ ಹೊಸದಾಗಿ ಏನನ್ನೂ ಕಲಿಸಬೇಕಿಲ್ಲ. ತಲೆಮಾರುಗಳ ಕಾಲ ಜನ ಅದನ್ನೇ ಕೇಳಿ ಕೊಂಡದ್ದು ಇದೇ ಕಾರಣಕ್ಕೆ. ಗುರುತು ಹುಟ್ಟುವುದು ಹೀಗೆ, ಆರಿಸಿದ್ದನ್ನು ಬಿಡದೆ ನಡೆಸಿಕೊಂಡು ಬಂದಾಗ.

ಬಿಡದೆ ನಡೆಸಬೇಕಾದರೆ ಬರೆದಿಡಬೇಕು. ಡಿಸೈನರ್‌ಗಳು ಇದಕ್ಕೆ ಸ್ಟೈಲ್ ಗೈಡ್ ಅನ್ನುತ್ತಾರೆ, ದೊಡ್ಡ ಕಂಪನಿಗಳು ನೂರಾರು ಪುಟ ಮಾಡಿಸುತ್ತವೆ. ನಿನಗೆ ಒಂದು ಹಾಳೆ ಸಾಕು. ಫಾಂಟಿನ ಹೆಸರು, ತಲೆಬರಹ ಎಷ್ಟು, ಒಡಲು ಎಷ್ಟು, ಸಾಲಿನ ಎತ್ತರ, ಮೂರು ಬಣ್ಣದ ಸಂಖ್ಯೆ, ಅಂಚಿನಲ್ಲಿ ಬಿಡುವ ಜಾಗ. ಅದರ ಕೆಳಗೆ ಬರಹದ ಕಟ್ಟಳೆ: ನಿನ್ನ ಹೆಸರಿನ ಕಾಗುಣಿತ, ಇನಿಷಿಯಲ್ಲಿನ ಮುಂದೆ ಚುಕ್ಕೆ ಇದೆಯೋ ಇಲ್ಲವೋ, ಬಿ.ಎ., ಎಲ್‌ಎಲ್.ಬಿ. ಬರೆಯುವ ರೀತಿ, ಅಂಕಿ 1, 2, 3 ಎಂದೋ ೧, ೨, ೩ ಎಂದೋ, ತಾರೀಕು ಬರೆಯುವ ಕ್ರಮ. ಫಲಕ ಬರೆಯುವವರಿಗೂ, ವಿಸಿಟಿಂಗ್ ಕಾರ್ಡ್ ಅಚ್ಚು ಹಾಕುವವರಿಗೂ, ಲೆಟರ್‌ಹೆಡ್ ಮಾಡುವವರಿಗೂ ಇದೇ ಹಾಳೆಯ ಪ್ರತಿ ಕೊಡು. ಬಾಗಿಲ ಫಲಕದಲ್ಲಿ ಒಂದು ಹೆಸರು, ಪರದೆಯಲ್ಲಿ ಇನ್ನೊಂದು ಥರದ ಹೆಸರು ಕಂಡರೆ, ದಸ್ತಾವೇಜಿನಲ್ಲಿ ಹೆಸರು ತಪ್ಪಿದ್ದಕ್ಕೇ ನಿನ್ನ ಬಳಿ ಬಂದ ಕಕ್ಷಿದಾರ ಏನು ತಿಳಿದುಕೊಂಡಾನು?

ಹಾಳೆ ಮುಗಿದ ಮೇಲೆ ಪುಟವನ್ನು ನಿನ್ನ ಹೊಸ ಲ್ಯಾಪ್‌ಟಾಪಿನಲ್ಲಿ ನೋಡಿ ಮೆಚ್ಚಿಕೊಳ್ಳಬೇಡ. ಗಾಜು ಸೀಳಿದ ಹಳೆಯ ಫೋನೊಂದರಲ್ಲಿ ತೆರೆದು, ಮಟಮಟ ಮಧ್ಯಾಹ್ನ ಸಿಟಿ ಸಿವಿಲ್ ಕೋರ್ಟಿನ ಮುಂದೆ ನಿಂತು ಓದು. ಮನೆಯಲ್ಲಿ ಹಿರಿಯರ ಕೈಗೂ ಕೊಟ್ಟು, ಕನ್ನಡಕ ಹುಡುಕದೆ ಫೋನ್ ನಂಬರ್ ಓದುತ್ತಾರಾ ನೋಡು. ನಿನ್ನನ್ನು ಹುಡುಕಿಕೊಂಡು ಬರುವವರು ಬಹುಪಾಲು ಕಷ್ಟದಲ್ಲಿರುವವರು. ಭಾಗದ ತಕರಾರು, ಬಾಡಿಗೆಯ ಜಗಳ, ಕೈಯಲ್ಲೊಂದು ಕೋರ್ಟಿನ ನೋಟಿಸು. ಅಂಥವರಿಗೆ ನಿನ್ನ ಹೆಸರು, ಕಚೇರಿಗೆ ಬರುವ ದಾರಿ, ಕರೆ ಮಾಡಬೇಕಾದ ಸಂಖ್ಯೆ ತಮ್ಮ ಭಾಷೆಯಲ್ಲಿ ತಡವರಿಸದೆ ಸಿಗಬೇಕು.

ಈ ಭಾನುವಾರ ಕೂತು ಹಾಳೆ ಬರೆ. ಕೆಳಗೆ ತಾರೀಕು ಹಾಕು. ಆಮೇಲೆ ಯಾರು ಯಾವ ಹೊಸ ಬಣ್ಣ ತೋರಿಸಿದರೂ ಒಂದು ವರ್ಷ ಅದನ್ನು ತಿದ್ದಬೇಡ.