ಇಂದಿನ ಧಮ್ಮ ಚಿಂತನೆ: ಎಂಟನೇ ತರಗತಿಯ ಹೊಸ್ತಿಲಲ್ಲಿ ಕಲ್ಯಾಣಮಿತ್ರರು



ಏಳನೇ ತರಗತಿ ಮುಗಿಸಿದ ಮಕ್ಕಳು ಟಿ.ಸಿ. ತೆಗೆದುಕೊಂಡು ಹೈಸ್ಕೂಲಿಗೆ ಹೊರಟಾಗ ಮನೆಯಲ್ಲಿ ನಾವು ಫೀಸು, ಬಸ್ ಪಾಸು, ಸಮವಸ್ತ್ರದ ಮಾತಾಡುತ್ತೇವೆ. ಏಳು ವರ್ಷ ಪಕ್ಕದಲ್ಲಿ ಕೂತ ಗೆಳೆಯ ಎಲ್ಲಿಗೆ ಸೇರಿದ ಎಂದು ಕೇಳುವುದು ಕಡಿಮೆ. ನಮ್ಮ ಅಂತರಸನಹಳ್ಳಿಯನ್ನೇ ನೋಡಿ. ಕೈಗಾರಿಕಾ ಪ್ರದೇಶಕ್ಕೆ, ತರಕಾರಿ ಮಾರುಕಟ್ಟೆಗೆ ದುಡಿಯಲು ಹೋಗುವ ಮನೆಗಳ ಮಕ್ಕಳು ಒಟ್ಟಿಗೆ ಅಕ್ಷರ ಕಲಿತಿರುತ್ತಾರೆ. ಎಂಟಕ್ಕೆ ಬಂದಾಗ ಒಬ್ಬ ಸರ್ಕಾರಿ ಹೈಸ್ಕೂಲಿಗೆ, ಒಬ್ಬ ತುಮಕೂರಿನ ಇಂಗ್ಲಿಷ್ ಮಾಧ್ಯಮಕ್ಕೆ, ಇನ್ನೊಬ್ಬಳು ಹಾಸ್ಟೆಲಿಗೆ.

ಮೇಷ್ಟರಾಗಿ ನಾನು ಕಂಡಂತೆ, ಜಾತಿಯ ಮಾತು ಮಕ್ಕಳ ನಡುವೆ ಬಿಚ್ಚಿಕೊಳ್ಳುವುದು ಹೆಚ್ಚಾಗಿ ಈ ವಯಸ್ಸಿನಲ್ಲೇ. ಬಿಸಿಯೂಟದ ಸಾಲಿನಲ್ಲಿ ಎಲ್ಲರ ತಟ್ಟೆಗೂ ಒಂದೇ ಸಾರು. ಹೊಸ ಶಾಲೆಯಲ್ಲಿ ಡಬ್ಬಿ ತೆರೆದಾಗ "ನೀವು ಯಾವ ಪೈಕಿ?" ಎಂಬ ಪ್ರಶ್ನೆ ಬರುತ್ತದೆ. ಕೇಳಿದ ಮಗು ಅದನ್ನು ದೊಡ್ಡವರಿಂದ ಕಲಿತಿದೆ. ಉತ್ತರಿಸಬೇಕಾದ ಮಗುವಿಗೆ ಮಾತ್ರ ತುತ್ತು ಗಂಟಲಲ್ಲಿ ಇಳಿಯುವುದಿಲ್ಲ.

ಬಾಬಾಸಾಹೇಬರು ಮುಂಬಯಿಯ ಎಲ್ಫಿನ್‌ಸ್ಟನ್ ಹೈಸ್ಕೂಲಿನಲ್ಲಿದ್ದಾಗ, ಲೆಕ್ಕ ಬಿಡಿಸಲು ಕರಿಹಲಗೆಯ ಬಳಿ ಕರೆದರೆ, ಅದರ ಹಿಂದಿಟ್ಟಿದ್ದ ಊಟದ ಡಬ್ಬಿಗಳನ್ನು ಸಹಪಾಠಿಗಳು ಓಡಿಹೋಗಿ ಎತ್ತಿಕೊಂಡರೆಂದು ಧನಂಜಯ ಕೀರ್ ಬರೆದಿದ್ದಾರೆ. ಅದೇ ದಿನಗಳಲ್ಲಿ ಉದ್ಯಾನವೊಂದರಲ್ಲಿ ಓದುತ್ತಿದ್ದ ಈ ಹುಡುಗನನ್ನು ಕೃಷ್ಣಾಜಿ ಅರ್ಜುನ ಕೇಳುಸ್ಕರ್ ತಾವಾಗಿ ಮಾತಾಡಿಸಿದರು, ಪುಸ್ತಕ ಕೊಟ್ಟರು. 1907ರಲ್ಲಿ ಬಾಬಾಸಾಹೇಬರು ಮೆಟ್ರಿಕ್ ಪಾಸಾದಾಗ ತಾವೇ ಬರೆದ ಬುದ್ಧನ ಚರಿತ್ರೆಯನ್ನು ಕಾಣಿಕೆಯಾಗಿತ್ತರು. ಕಲ್ಯಾಣಮಿತ್ರ ಓರಗೆಯವನೇ ಆಗಬೇಕಿಲ್ಲ. ಆದರೆ ಒಬ್ಬರಾದರೂ ಬೇಕು.

ಕಲ್ಯಾಣಮಿತ್ರತೆ ಧಮ್ಮಜೀವನದ ಅರ್ಧಭಾಗ ಎಂದು ಆನಂದರು ಹೇಳಿದಾಗ, ಅದು ಪೂರ್ಣಭಾಗವೇ ಎಂದು ಭಗವಾನರು ತಿದ್ದಿದರು. ದೀಘನಿಕಾಯದ ಸಿಗಾಲೋವಾದ ಸುತ್ತದಲ್ಲಿ ನಿಜ ಗೆಳೆಯರು ನಾಲ್ವರು: ನೆರವಾಗುವವನು, ಸುಖದುಃಖದಲ್ಲಿ ಒಂದೇ ಆಗಿರುವವನು, ಒಳಿತನ್ನು ತೋರುವವನು, ಮರುಗುವವನು. ಗೆಳೆಯನಿಗೆ ನಾವು ಸಲ್ಲಿಸಬೇಕಾದವು ಐದು: ದಾನ, ಪ್ರಿಯವಾದ ಮಾತು, ಹಿತದ ನಡೆ, ಸಮಾನತೆ, ವಂಚನೆಯಿಲ್ಲದಿರುವುದು. ನಾಲ್ಕನೆಯದನ್ನು ಗಮನಿಸಿ. ತನ್ನಂತೆಯೇ ಕಾಣದ ಕಡೆ ಗೆಳೆತನವಿಲ್ಲ. ಡಬ್ಬಿ ಸರಿಸಿಕೊಂಡು ನಗುವವನು ಗೆಳೆಯನಲ್ಲ ಎಂದು ನಮ್ಮ ಮಕ್ಕಳು ಧೈರ್ಯವಾಗಿ ತಿಳಿಯಬೇಕು. ಅವರ ಮೆಚ್ಚುಗೆಗಾಗಿ ಮನೆಯ ಹೆಸರು, ಗೋಡೆಯ ಮೇಲಿನ ಫೋಟೊ ಮುಚ್ಚಿಡುವ ಅಗತ್ಯವಿಲ್ಲ. ಹಾಗೆಯೇ ನಮ್ಮ ಮಕ್ಕಳೂ ಇಂಗ್ಲಿಷ್ ಬಾರದ ಹಳೆಯ ಗೆಳೆಯನನ್ನು ಕೀಳಾಗಿ ಕಾಣಬಾರದು. ಸಮಾನತೆ ಎರಡೂ ಕಡೆ ಸಲ್ಲಬೇಕಾದ ಸಾಲ.

ಇಂದಿನ ಅಭ್ಯಾಸ:
1. ಸಂಜೆ ಮಗುವನ್ನು ಅಂಕದ ಬಗ್ಗೆ ಕೇಳುವ ಮೊದಲು "ಇವತ್ತು ಯಾರ ಜೊತೆ ಊಟ ಮಾಡಿದೆ?" ಎಂದು ಕೇಳಿ. ಉತ್ತರ ತಡವಾದರೆ ಕಾಯಿರಿ.
2. ಬೇರೆ ಶಾಲೆಗೆ ಹೋದ ಹಳೆಯ ಗೆಳೆಯರನ್ನು, ಅವರು ಯಾವ ಜಾತಿಯವರೇ ಇರಲಿ, ಭಾನುವಾರ ಮನೆಗೆ ಕರೆದು ಒಟ್ಟಿಗೆ ಉಣಬಡಿಸಿ.
3. ಓಣಿಯಲ್ಲಿ ಒಂಟಿಯಾಗಿ ಓದುವ ಒಂದು ಮಗುವನ್ನು ನೀವಾಗಿ ಮಾತಾಡಿಸಿ.

ಭವತು ಸಬ್ಬ ಮಂಗಲಂ. ಜೈಭೀಮ್.