ಚಹಾ-ಖಾರಿ ತಿಂದರೆ ನಾಷ್ಟಾ ಆಯಿತೇ?

ನಿಮ್ಮ ಮಕ್ಕಳು ಇಂದು ಬೆಳಿಗ್ಗೆ ಶಾಲೆಗೆ ಹೊರಡುವ ಮುನ್ನ ಏನು ತಿಂದರು? ಬೀದರಿನ ಎಷ್ಟೋ ಮನೆಗಳಲ್ಲಿ ಉತ್ತರ ಒಂದೇ: ಚಹಾದಲ್ಲಿ ಅದ್ದಿದ ಎರಡು ಖಾರಿ, ಇಲ್ಲವೇ ಒಂದು ಬನ್ನು. ಭಾಲ್ಕಿ, ಔರಾದ್ ಸುತ್ತಲಿನ ಹಳ್ಳಿಗಳಿಂದ ಬೇಗನೆ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳಿಗೆ ಕೆಲವೊಮ್ಮೆ ಅದೂ ಇಲ್ಲ, ಬರೀ ಚಹಾ. ಇನ್ನು ಅಮ್ಮಿಯ ನಾಷ್ಟಾ ಎಲ್ಲರೂ ಹೋದ ಮೇಲೆ, ಹನ್ನೊಂದು ಗಂಟೆಗೆ, ಉಳಿದದ್ದರಲ್ಲಿ.

ಖಾರಿಯಲ್ಲಿ ಇರುವುದು ಮೈದಾ ಮತ್ತು ಕೊಬ್ಬು. ಹೊಟ್ಟೆ ತುಂಬಿದಂತೆ ಅನಿಸುತ್ತದೆ, ಎರಡು ಪೀರಿಯಡ್ ಮುಗಿಯುವುದರೊಳಗೆ ಮಗು ಆಕಳಿಸುತ್ತದೆ. ಚಹಾದ್ದು ಇನ್ನೊಂದು ಕಥೆ. ಅದರಲ್ಲಿರುವ ಟ್ಯಾನಿನ್, ಕಾಳು-ಸೊಪ್ಪುಗಳಲ್ಲಿರುವ ಕಬ್ಬಿಣಾಂಶ ಮೈಗೆ ಹತ್ತದಂತೆ ತಡೆಯುತ್ತದೆ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 48ರಷ್ಟು ಮಂದಿಗೆ ರಕ್ತಹೀನತೆ ಕಂಡುಬಂದಿತ್ತು. ಎರಡರಲ್ಲಿ ಒಬ್ಬರು ಎಂದಾಯಿತು. ಆದ್ದರಿಂದ ಚಹಾ ಬಿಡಿ ಎನ್ನುವುದಿಲ್ಲ, ಬಿಡುವವರೂ ನಮ್ಮಲ್ಲಿ ಕಡಿಮೆ. ಊಟ-ನಾಷ್ಟಾಕ್ಕೂ ಚಹಾಕ್ಕೂ ನಡುವೆ ಒಂದು ಗಂಟೆ ಅಂತರ ಇಡಿ, ಅಷ್ಟು ಸಾಕು. ಚಿಕ್ಕ ಮಕ್ಕಳಿಗೆ ಮಾತ್ರ ಚಹಾ ಬೇಡವೇ ಬೇಡ.

"ಬೆಳಿಗ್ಗೆ ಸಮಯ ಎಲ್ಲಿದೆ?" ಎಂದು ನೀವು ಕೇಳಬಹುದು. ಫಜ್ರ್ ನಮಾಝಿಗೆ ಎದ್ದ ಮನೆಯಲ್ಲಿ ಇಪ್ಪತ್ತು ನಿಮಿಷ ಸಿಕ್ಕೇ ಸಿಗುತ್ತದೆ. ಸಿಗದಿರುವುದು ಸಾಮಾನ್ಯವಾಗಿ ಹಿಂದಿನ ರಾತ್ರಿಯ ಐದು ನಿಮಿಷದ ತಯಾರಿ. ಹೆಸರು, ಉದ್ದು, ತೊಗರಿ, ಕಡಲೆ ಬೆಳೆಯುವ ಜಿಲ್ಲೆ ನಮ್ಮದು. ಆದರೂ ಬೆಳಗಿನ ತಟ್ಟೆಯಲ್ಲಿ ಕಾಳು ಇರುವುದಿಲ್ಲ!

ಹೆಸರುಕಾಳಿನಿಂದಲೇ ಆರಂಭಿಸಿ. ಇಶಾ ನಮಾಝ್ ಆದ ಮೇಲೆ ಒಂದು ಕಪ್ ಕಾಳು ತೊಳೆದು ನೆನೆ ಹಾಕಿ. ಬೆಳಿಗ್ಗೆ ಶುಂಠಿ, ಎರಡು ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಸೇರಿಸಿ ರುಬ್ಬಿ, ಕಾದ ತವಾದ ಮೇಲೆ ಹರಡಿ, ಹೆಚ್ಚಿದ ಉಳ್ಳಾಗಡ್ಡಿ ಉದುರಿಸಿ. ಈ ದೋಸೆಗೆ ಹಿಟ್ಟು ಹುಳಿ ಬರುವುದು ಬೇಕಿಲ್ಲ, ಕಾಯುವ ಕೆಲಸವಿಲ್ಲ. 100 ಗ್ರಾಂ ಹೆಸರುಕಾಳಿನಲ್ಲಿ 20 ಗ್ರಾಂಗಿಂತ ಹೆಚ್ಚು ಪ್ರೊಟೀನ್ ಇದೆ. ಒಂದು ಮೊಟ್ಟೆಯಲ್ಲಿ ಇರುವುದು ಸುಮಾರು 6 ಗ್ರಾಂ. ಜೊತೆಗೆ ನಿಂಬೆ ಹಿಂಡಿದ ಸೌತೆಕಾಯಿ-ಟೊಮೆಟೊ ಇಡಿ. ನಿಂಬೆಯ ಸಿ ಜೀವಸತ್ವ ಕಾಳಿನ ಕಬ್ಬಿಣಾಂಶವನ್ನು ಮೈಗೆ ಹತ್ತಿಸುತ್ತದೆ.

ನಮ್ಮ ದಖನಿ ಮನೆಗಳ ಹಳೆಯ ನಾಷ್ಟಾ ಖಿಚಡಿ-ಖಟ್ಟಾ. ಇದನ್ನು ಶುಕ್ರವಾರಕ್ಕೋ ಅತಿಥಿಗಳಿಗೋ ಮೀಸಲಿಟ್ಟವರೇ ಹೆಚ್ಚು, ಆದರೆ ಕುಕ್ಕರಿನಲ್ಲಿ ಇದರಷ್ಟು ಬೇಗ ಆಗುವ ಅಡುಗೆ ಕಡಿಮೆ. ಒಂದು ಕಪ್ ಅಕ್ಕಿಗೆ ಅರ್ಧ ಕಪ್ ಮಸೂರ ಬೇಳೆ ಹಾಕಿ. ಬೇಳೆಯನ್ನು ಮುಕ್ಕಾಲು ಕಪ್ ಮಾಡಿದರೂ ರುಚಿ ಕೆಡುವುದಿಲ್ಲ. ಮಸೂರ ನೆನೆಯಬೇಕಾಗಿಲ್ಲ. ಸ್ವಲ್ಪ ಎಣ್ಣೆಯಲ್ಲಿ ಉಳ್ಳಾಗಡ್ಡಿ, ಶುಂಠಿ-ಬೆಳ್ಳುಳ್ಳಿ, ಅರಿಶಿನ ಬಾಡಿಸಿ, ಮೂರು ಕಪ್ ನೀರು ಸೇರಿಸಿ, ಎರಡು-ಮೂರು ಸೀಟಿ ಬರಿಸಿ. ಕುಕ್ಕರ್ ಆರುವುದರೊಳಗೆ ಖಟ್ಟಾ ಸಿದ್ಧವಾಗಬೇಕು: ಹುರಿದ ಎಳ್ಳು ಮತ್ತು ಶೇಂಗಾ ಎರಡೆರಡು ಚಮಚ ಪುಡಿ ಮಾಡಿ, ಹುಣಸೆ ರಸದಲ್ಲಿ ಕಲಸಿ, ಹಸಿ ಉಳ್ಳಾಗಡ್ಡಿ, ಕೊತ್ತಂಬರಿ ಹಾಕಿ, ಮೇಲೆ ಜೀರಿಗೆ-ಬೆಳ್ಳುಳ್ಳಿ ಒಗ್ಗರಣೆ ಕೊಡಿ.

ಇಲ್ಲಿ ಒಂದು ಎಚ್ಚರಿಕೆ. ಖಟ್ಟಾವನ್ನು ನಾವು ಕುದಿಸುವುದಿಲ್ಲ. ಅದಕ್ಕೆ ಹಾಕಿದ ನೀರನ್ನು ಹಸಿಯಾಗಿಯೇ ಕುಡಿದಂತೆ ಆಗುತ್ತದೆ. ಹುಣಸೆ ನೆನೆಸಲು ನಲ್ಲಿ ಅಥವಾ ಬೋರ್‌ವೆಲ್ ನೀರನ್ನು ನೇರ ಬಳಸಬೇಡಿ, ಕುದಿಸಿ ಆರಿಸಿದ ನೀರನ್ನೇ ಬಳಸಿ. ಕೊತ್ತಂಬರಿಯನ್ನು ಎರಡು-ಮೂರು ನೀರಿನಲ್ಲಿ ತೊಳೆಯಿರಿ. ಮಳೆಗಾಲದಲ್ಲಿ ಇಡೀ ಮನೆಗೆ ಭೇದಿ ಶುರುವಾದಾಗ ನಾವು ಹೋಟೆಲನ್ನು ದೂರುತ್ತೇವೆ, ಖಟ್ಟಾದ ಬೋಗುಣಿಯತ್ತ ನೋಡುವುದೇ ಇಲ್ಲ.

ಇದಕ್ಕಿಂತ ದೊಡ್ಡ ತಪ್ಪು ರಾತ್ರಿಯ ಅನ್ನದ್ದು. ಉಳಿದ ಅನ್ನವನ್ನು ಒಲೆಯ ಪಕ್ಕ ಮುಚ್ಚಿಟ್ಟು ಬೆಳಿಗ್ಗೆ ಒಗ್ಗರಣೆ ಹಾಕುವುದು ಸುಲಭ, ನಿಜ. ಆದರೆ ಅಕ್ಕಿಯಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾದ ಬೀಜಕಗಳು ಅನ್ನ ಬೆಂದರೂ ಸಾಯುವುದಿಲ್ಲ. ಬೆಚ್ಚಗೆ ಇಟ್ಟ ಅನ್ನದಲ್ಲಿ ಅವು ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಏಪ್ರಿಲ್-ಮೇ ಬಿಸಿಲಿನಲ್ಲಂತೂ ಅಪಾಯ ಹೆಚ್ಚು. ಅನ್ನ ಮಾಡಿದ ಎರಡು ಗಂಟೆಯೊಳಗೆ ಅಗಲವಾದ ತಟ್ಟೆಯಲ್ಲಿ ಆರಿಸಿ ಫ್ರಿಜ್ಜಿನಲ್ಲಿಡಿ. ಫ್ರಿಜ್ಜು ಇಲ್ಲದಿದ್ದರೆ ರಾತ್ರಿಯ ಅಕ್ಕಿಯನ್ನೇ ಒಂದು ಹಿಡಿ ಕಡಿಮೆ ಅಳೆಯಿರಿ. ಅನ್ನ ಚೆಲ್ಲುವುದು ನಮಗಾರಿಗೂ ಒಪ್ಪುವ ಮಾತಲ್ಲ, ಉಳಿಯದಂತೆ ಮಾಡುವುದೇ ದಾರಿ. ಒಣಗಿದ ಜೋಳದ ರೊಟ್ಟಿಗೆ ಈ ಭಯ ಅಷ್ಟಿಲ್ಲ. ಅದನ್ನು ಮುರಿದು ಒಗ್ಗರಣೆ ಹಾಕಿ, ಶೇಂಗಾ ಪುಡಿ, ಮೊಸರಿನೊಂದಿಗೆ ಕೊಟ್ಟರೆ ಮಕ್ಕಳೂ ತಿನ್ನುತ್ತಾರೆ.

ಅಷ್ಟೂ ಸಮಯವಿಲ್ಲದ ದಿನ ಸುಸಲಾ ಇದ್ದೇ ಇದೆ. ಚುರುಮುರಿ ನೀರಿಗೆ ಹಾಕಿ ಹಿಂಡಿ, ಒಗ್ಗರಣೆಗೆ ಬೆರೆಸಿ, ಪುಠಾಣಿ ಹಿಟ್ಟು ಉದುರಿಸಿದರೆ ಹತ್ತು ನಿಮಿಷದ ಕೆಲಸ. ಬರೀ ಚುರುಮುರಿ ಹಗುರ. ಒಂದು ಹಿಡಿ ಶೇಂಗಾ, ಬೇಯಿಸಿದ ಮೊಳಕೆಕಾಳು ಸೇರಿಸಿ, ಕೊನೆಗೆ ನಿಂಬೆ ಹಿಂಡಿ.

ಮನೆಯಲ್ಲಿ ಅಬ್ಬಾ ಅಥವಾ ದಾದಿ ಸಕ್ಕರೆ ಕಾಯಿಲೆಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮಾತ್ರೆ ನುಂಗಿ ಬರೀ ಚಹಾದ ಮೇಲೆ ಕೂರಬಾರದು. ಕೆಲವು ಮಾತ್ರೆಗಳಿಂದ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಅವರಿಗೆ ಖಿಚಡಿಗಿಂತ ಹೆಸರಿನ ದೋಸೆ ಒಳ್ಳೆಯದು.

ಮತ್ತೆ ಅಮ್ಮಿಯ ವಿಷಯ. ಸಹೋದರಿಯರೇ, ಮೊದಲ ದೋಸೆ ಮಕ್ಕಳಿಗೆ ಹೋಗಲಿ, ಎರಡನೆಯದು ಯಜಮಾನರಿಗೆ ಹೋಗಲಿ. ಮೂರನೆಯದನ್ನು ನಿಮ್ಮ ತಟ್ಟೆಗೆ ಹಾಕಿಕೊಂಡು, ಒಲೆ ಆರಿಸಿ, ದಸ್ತರ್‌ಖಾನಿನ ಮೇಲೆ ಅವರೊಂದಿಗೇ ಕುಳಿತುಕೊಳ್ಳಿ. ಇನ್ನೂ ಬೇಕೆನ್ನುವ ದೊಡ್ಡ ಮಗ ತವಾದ ಮುಂದೆ ಐದು ನಿಮಿಷ ನಿಲ್ಲಬಲ್ಲ.