ಹಕ್ಕಿಗಳೊಡನೆ ಒಂದು ದಿನದ ಪಾಠ

ಪಕ್ಷಿಗಳ ಹೆಸರುಗಳನ್ನು ಬಾಯಿಪಾಠ ಮಾಡಿಸುವುದು ಸುಲಭ. ಆದರೆ ಒಂದು ಪಕ್ಷಿಯು ಇಲ್ಲಿಯೇ ಏಕೆ ಬಾಳುವುದು, ಬೇರೆಡೆಯಲ್ಲಿ ಏಕೆ ಬಾಳಲಾರದು ಎಂಬುದನ್ನು ಅರಿಯಬೇಕಾದರೆ ಮನೆಯಿಂದ ಹೊರಡಲೇಬೇಕು. ಮೈಸೂರಿನ ಸುತ್ತಣ ಪ್ರದೇಶವು ಈ ಪಾಠಕ್ಕೆ ಬಹು ಅನುಕೂಲವಾದುದು. ಕೆರೆ, ಗುಡ್ಡ, ಗದ್ದೆ, ಹೊಳೆ ಈ ನಾಲ್ಕನ್ನೂ ಒಂದೇ ದಿನದಲ್ಲಿ ನೋಡಬಹುದು. ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಮಕ್ಕಳನ್ನು ಕರೆದೊಯ್ಯಲೆಂದು ಆ ದಿನದ ಕ್ರಮವನ್ನು ಇಲ್ಲಿ ಬರೆಯುತ್ತೇವೆ. ಫೆಬ್ರವರಿ ತಿಂಗಳು ಇದಕ್ಕೆ ತಕ್ಕ ಕಾಲ. ಬುತ್ತಿ, ನೀರು, ಒಂದು ಪುಸ್ತಕ, ಒಂದು ಪೆನ್ಸಿಲು ಇದ್ದರೆ ಸಾಕು. ದುರ್ಬೀನು ಇದ್ದರೆ ಮೇಲು.

ಸೂರ್ಯೋದಯಕ್ಕೆ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲಿರಬೇಕು. ನೀರಿನಿಂದ ಹಾವಿನಂಥ ಕೊರಳೊಂದು ಮೇಲೆದ್ದರೆ ಅದು ಹಾವಕ್ಕಿ. ಅದರ ಗರಿಗಳು ನೀರನ್ನು ಹೀರುವುದರಿಂದ ಮೈ ಭಾರವಾಗಿ ಮುಳುಗಲು ಅನುಕೂಲವಾಗುವುದು. ಚೂಪಾದ ಕೊಕ್ಕಿನಿಂದ ಮೀನನ್ನು ತಿವಿದು ನುಂಗಿ, ಬಳಿಕ ಕೊಂಬೆಯ ಮೇಲೆ ರೆಕ್ಕೆಗಳನ್ನು ಹರಡಿ ಒಣಗಿಸಿಕೊಳ್ಳುವುದು.

ಬಿಸಿಲೇರುವ ಮೊದಲು ಚಾಮುಂಡಿ ಬೆಟ್ಟದ ಇಳಿಜಾರಿನ ಕುರುಚಲಿಗೆ ಬರಬೇಕು. ಪೊದೆಯಲ್ಲಿ ಪಿಕಳಾರ, ಒಣಕೊಂಬೆಯಿಂದ ಹಾರಿ ಹುಳುವನ್ನು ಗಾಳಿಯಲ್ಲಿಯೇ ಹಿಡಿಯುವ ಕಳ್ಳಿಪೀರ ಇವುಗಳನ್ನು ಗುರುತಿಸುವುದು ಕಷ್ಟವಲ್ಲ. ತಪ್ಪಲಿನ ಬಯಲಿನಲ್ಲಿ ಟಿಟ್ಟಿಭ ಕೂಗುವುದು. ಬೇಸಗೆಯಲ್ಲಿ ಅದು ಬರಿಯ ನೆಲದ ಮೇಲೆಯೇ ಮೊಟ್ಟೆಯಿಡುವುದು. ಮೊಟ್ಟೆಯ ಬಣ್ಣವೂ ಸುತ್ತಣ ಕಲ್ಲಿನಂತೆಯೇ ಇರುವುದರಿಂದ ವೈರಿಗಳಿಗೆ ಕಾಣದು. ಇಂಥ ನೆಲವನ್ನೇ ನಾವು ಬಂಜರೆಂದು ಕರೆದು, ಮಟ್ಟಮಾಡಿ, ನಿವೇಶನಗಳನ್ನಾಗಿ ಹಂಚುತ್ತೇವೆ. ಹಕ್ಕಿಗೇನು, ಮರದ ಮೇಲೆ ಗೂಡು ಕಟ್ಟಲಿ ಎಂದು ಯಾರಾದರೂ ಹೇಳಿದರೆ, ಟಿಟ್ಟಿಭದ ಪಾದವನ್ನು ನೋಡಲು ಹೇಳಬೇಕು. ಕೊಂಬೆಯನ್ನು ಬಿಗಿಹಿಡಿಯುವುದಕ್ಕೆ ಬೇಕಾದ ಹಿಂಬೆರಳು ಅದಕ್ಕೆ ತೀರ ಸಣ್ಣದು. ಅದಕ್ಕೆ ಬಯಲೇ ಮನೆ.

ಮಧ್ಯಾಹ್ನ ಶ್ರೀರಂಗಪಟ್ಟಣದ ಕಡೆಗೆ ಹೋಗುತ್ತ ಗದ್ದೆಗಳ ಬಳಿ ನೆರಳಿನಲ್ಲಿ ಬುತ್ತಿ ಬಿಚ್ಚಬಹುದು. ಉಳುವ ಎತ್ತುಗಳ ಹಿಂದೆಯೂ ಟ್ರಾಕ್ಟರಿನ ಹಿಂದೆಯೂ ಬೆಳ್ಳಕ್ಕಿಗಳು ನಡೆಯುವುವು. ಮಣ್ಣಿನಿಂದೇಳುವ ಹುಳುಗಳೇ ಅವಕ್ಕೆ ಊಟ. ತಂತಿಯ ಮೇಲೆ ಕುಳಿತ ನೀಲಕಂಠವು ನಮ್ಮ ರಾಜ್ಯದ ಪಕ್ಷಿ. ಬದುವಿನ ಮೇಲೆ ಬಾಲವಾಡಿಸುವ ಹಳದಿ ಸಿಪಿಲೆಯು ಚಳಿಗಾಲವನ್ನು ಕಳೆಯಲು ಉತ್ತರದ ದೂರದೇಶಗಳಿಂದ ಬಂದ ಅತಿಥಿ.

ಸಂಜೆಗೆ ರಂಗನತಿಟ್ಟು. ಕಂಠೀರವ ನರಸರಾಜ ಒಡೆಯರು 1645ರಿಂದ 1648ರವರೆಗೆ ಕಾವೇರಿಗೆ ಕಟ್ಟಿಸಿದ ಒಡ್ಡಿನಿಂದ ಇಲ್ಲಿಯ ನಡುಗಡ್ಡೆಗಳು ಉಂಟಾದುವೆಂದು ಹೇಳುವರು. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯ ಮೇರೆಗೆ ಮೈಸೂರು ಸರ್ಕಾರವು 1940ರಲ್ಲಿ ಇದನ್ನು ಪಕ್ಷಿಧಾಮವಾಗಿ ಮಾಡಿತು. 2022ರಲ್ಲಿ ಇದು ರಾಮ್‌ಸಾರ್ ತಾಣಗಳ ಪಟ್ಟಿಗೂ ಸೇರಿತು. ದೋಣಿಯಲ್ಲಿ ಕುಳಿತು ಕೊಕ್ಕುಗಳನ್ನು ಹೋಲಿಸಿ ನೋಡಬೇಕು. ಚಮಚದ ಕೊಕ್ಕಿನ ಹಕ್ಕಿಯು ನೀರನ್ನು ಎಡಬಲಕ್ಕೆ ಜಾಲಾಡುವುದು. ಬಣ್ಣದ ಕೊಕ್ಕರೆಯು ಅರೆತೆರೆದ ಕೊಕ್ಕನ್ನು ನೀರಿನಲ್ಲಿಟ್ಟು, ಮೀನು ತಗಲಿದೊಡನೆ ಮುಚ್ಚುವುದು. ಬಾಯ್ಕಳಕನ ಕೊಕ್ಕಿನ ನಡುವೆ ಸಂದಿಯುಂಟು. ಅದರ ಮುಖ್ಯ ಆಹಾರ ಬಸವನಹುಳು. ಒಂದೇ ಹೊಳೆಯಾದರೂ ಒಬ್ಬೊಬ್ಬರಿಗೆ ಬೇರೆಬೇರೆ ಎಡೆಯಿರುವುದರಿಂದ ಒಟ್ಟಿಗೆ ಬಾಳುವುದು ಸಾಧ್ಯವಾಗಿದೆ.

ಗೂಡಿನ ಹತ್ತಿರ ಹೋಗಬಾರದು, ಕೂಗಬಾರದು, ಮೊಟ್ಟೆಯನ್ನು ಮುಟ್ಟಬಾರದು ಎಂಬ ಮೂರು ನಿಯಮಗಳನ್ನು ಮಕ್ಕಳು ಮೊದಲೇ ಕಲಿತಿರಲಿ. ರಾತ್ರಿ ಮನೆಯಲ್ಲಿ ಎಷ್ಟು ಹಕ್ಕಿಗಳನ್ನು ಕಂಡೆ ಎಂದು ಕೇಳುವುದಕ್ಕಿಂತ ಮೂರು ಪ್ರಶ್ನೆಗಳನ್ನು ಕೇಳಿರಿ: ಅದು ಎಲ್ಲಿತ್ತು? ಏನು ಮಾಡುತ್ತಿತ್ತು? ಆ ಸ್ಥಳ ಹೋದರೆ ಅದು ಎಲ್ಲಿಗೆ ಹೋದೀತು? ಮೊದಲೆರಡಕ್ಕೆ ಉತ್ತರವು ಮಗುವಿನ ಪುಸ್ತಕದಲ್ಲಿರುವುದು. ಮೂರನೆಯದಕ್ಕೆ ಉತ್ತರ ಕೊಡಬೇಕಾದವರು, ಕೆರೆಯ ಪಕ್ಕದಲ್ಲಿಯೂ ಬಯಲಿನ ಅಂಚಿನಲ್ಲಿಯೂ ಮನೆ ಕಟ್ಟುವ ದೊಡ್ಡವರಾದ ನಾವೇ.